ನಿಮಗಿದು ಗೊತ್ತೇ? ಭೂತ ಬಂಗಲೆಯ ಗೊಂಬೆಯೊಳಗೆ ಮೂಳೆ ಇತ್ತು!

ಜಾತ್ರೆಯಲ್ಲಿ ಭೂತ ಬಂಗಲೆ ಹೊಕ್ಕವರು ಕೈ ಎತ್ತಿ! ಹೊರಗೆ ತಗಡಿನ ಮೇಲೆ ಕೆಂಪು ನಾಲಗೆ ಚಾಚಿದ ರಾಕ್ಷಸ. ಮೈಕಿನಲ್ಲಿ ಹ್ಹಹ್ಹಹ್ಹಾ ಎಂಬ ಕೇಕೆ. ಒಳಗೆ ಗವ್ವೆನ್ನುವ ಕತ್ತಲು, ಮುಖಕ್ಕೆ ತಾಗುವ ದಾರ, ದಿಢೀರನೆ ಎದ್ದು ಕೂರುವ ಅಸ್ಥಿಪಂಜರ. ಎರಡೇ ನಿಮಿಷ, ಹೊರಗೆ! ಹೊರಬಂದವರೆಲ್ಲ "ನಾ ಏನ್ ಅಂಜಲಿಲ್ಲಪಾ" ಅನ್ನುವವರೇ. ಆ ಎರಡು ನಿಮಿಷದ ಹಿಂದೆ ಎಂಥೆಂಥ ಸಂಗತಿಗಳಿವೆ ಗೊತ್ತೇ? ಬರ್ರಿ, ಒಳಗ ಬರ್ರಿ. ಟಿಕೀಟು ಬ್ಯಾಡ!

ಮೊದಲು ನಮ್ಮೂರಿನದು. ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ಭೂತ ಬಂಗಲೆ ಎಂದರೆ ಊರಲ್ಲಿ ನೆಲೆ ನಿಂತ ಕಟ್ಟಡವಲ್ಲ. ಲಾರಿಯಲ್ಲಿ ಬಂದು ಲಾರಿಯಲ್ಲೇ ಹೋಗುವ ಮನೆ! ಶಿವರಾತ್ರಿಗೆ ಹಳೇ ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆ, ಬೇಸಿಗೆ ರಜೆಗೆ ಮೈದಾನದ ವಸ್ತುಪ್ರದರ್ಶನ. ಹೆಬ್ಬಳ್ಳಿಯಂಥ ಊರುಗಳಿಂದ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು ಹಿಡಿದು ಬಂದ ಹುಡುಗರು ಮೊದಲು ತೇರಿಗೆ ಉತ್ತತ್ತಿ ಎಸೆಯುತ್ತಿದ್ದರು. ಆಮೇಲೆ ಓಡುತ್ತಿದ್ದದ್ದು ಈ ತಗಡಿನ ಮನೆಯತ್ತಲೇ!

ಬಾದಾಮಿಯ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ ತೇರು ಎಳೆದ ಮಾತ್ರಕ್ಕೆ ಮುಗಿಯುವುದಿಲ್ಲ. ನಾಟಕ ಕಂಪನಿ, ತೊಟ್ಟಿಲು, ಅಂಗಡಿ ಎಂದು ಹೆಚ್ಚುಕಡಿಮೆ ಒಂದು ತಿಂಗಳು ನಡೆಯುತ್ತದೆ! ಶಿರಸಿಯ ಮಾರಿಕಾಂಬೆ ಜಾತ್ರೆಯೋ ಎರಡು ವರ್ಷಕ್ಕೊಮ್ಮೆ ಮಾತ್ರ. ಅಂದರೆ ಶಿರಸಿಯ ಹುಡುಗ ಒಂದನೇ ಕ್ಲಾಸಿನಲ್ಲಿ ಅಂಜಿ ಅತ್ತರೆ, ಮಾನ ಉಳಿಸಿಕೊಳ್ಳಲು ಮೂರನೇ ಕ್ಲಾಸಿನವರೆಗೆ ಕಾಯಬೇಕು!

ಕತ್ತಲೆಯಲ್ಲಿ ಆಡಿ ಖುಷಿಪಡುವುದು ಹೊರಗಿನಿಂದ ಬಂದ ಚಟ ಅಂದುಕೊಂಡಿರಾ? ಅಲ್ಲವೇ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ಅರಸರ 20 ಕ್ರೀಡೆಗಳ ಪಟ್ಟಿ ಇದೆ. ಉಯ್ಯಾಲೆ ಆಡುವುದು ಒಂದು, ನೀರೆರಚುವುದು ಒಂದು. ಮತ್ತೊಂದು ಯಾವುದು ಗೊತ್ತೇ? ತಿಮಿರ ಕ್ರೀಡೆ. ಕತ್ತಲೆಯ ಆಟ! ಸುಮಾರು 900 ವರ್ಷದ ಹಿಂದೆಯೇ ನಮ್ಮ ನೆಲದ ದೊರೆ ಕತ್ತಲೆಗೂ ಒಂದು ಅಧ್ಯಾಯ ಕೊಟ್ಟುಬಿಟ್ಟಿದ್ದ.

ಹೆದರಿಸುವ ಯಂತ್ರದ ಗೊಂಬೆಯೂ ಕರ್ನಾಟಕಕ್ಕೆ ಹಳೆಯದೇ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಬಳಿ ಒಂದು ಮರದ ಹುಲಿ ಇತ್ತು. ಕೆಳಗೆ ಬಿದ್ದ ಬಿಳಿಯನ ಕೊರಳಿಗೆ ಬಾಯಿ ಹಾಕಿದ ಹುಲಿ. ಪಕ್ಕದ ಹಿಡಿ ತಿರುಗಿಸಿದರೆ ಹುಲಿ ಗುರ್ರೆನ್ನುತ್ತಿತ್ತು, ಬಿಳಿಯ ಅಯ್ಯೋ ಎನ್ನುತ್ತಿದ್ದ, ಅವನ ಕೈ ಮೇಲೆ ಕೆಳಗೆ ಆಡುತ್ತಿತ್ತು! ಹೊಟ್ಟೆಯೊಳಗೆ ಗಾಳಿಯ ತಿದಿ, ಕೊಳವೆ, ನುಡಿಸಲು 18 ಮನೆಗಳು ಬೇರೆ!

1799ರಲ್ಲಿ ಆ ಹುಲಿ ಇಂಗ್ಲಿಷರ ಪಾಲಾಯಿತು. 1808ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಜನರ ನೋಟಕ್ಕಿಟ್ಟರು. ಬಂದ ಬಂದವರೆಲ್ಲ ಹಿಡಿ ತಿರುಗಿಸಿದ್ದೇ ತಿರುಗಿಸಿದ್ದು. ಅಲ್ಲಿನ ಗ್ರಂಥಾಲಯದಲ್ಲಿ ಓದಲು ಕೂತ ವಿದ್ವಾಂಸರು ತಲೆ ಚಚ್ಚಿಕೊಂಡರು! ಹುಲಿ ಈಗಲೂ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹಿಡಿ ಮಾತ್ರ ಮುಟ್ಟುವಂತಿಲ್ಲ.

ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಏನು ನಡೆಯುತ್ತಿತ್ತು? ರಾಬರ್ಟ್‌ಸನ್ ಎಂಬಾತ ಭೂತ ತೋರಿಸಿ ದುಡ್ಡು ಎಣಿಸುತ್ತಿದ್ದ! 1798ರಲ್ಲಿ ಶುರುಮಾಡಿದ. ಆಮೇಲೆ ಪಾಳುಬಿದ್ದ ಹಳೆಯ ಕ್ರೈಸ್ತ ಮಠವನ್ನೇ ಹಿಡಿದ. ಕತ್ತಲ ಓಣಿಗಳಲ್ಲಿ ನಡೆಸಿಕೊಂಡು ಹೋಗಿ, ಹೊಗೆ ಎಬ್ಬಿಸಿ, ಚಿತ್ರದೀಪದಿಂದ ಸತ್ತವರ ಮುಖ ಬಿಡುತ್ತಿದ್ದ. ದೀಪಕ್ಕೆ ಗಾಲಿ ಇತ್ತು. ಪರದೆಯ ಹಿಂದೆ ಅದನ್ನು ಹಿಂದಕ್ಕೆ ಎಳೆದರೆ ಇಷ್ಟೇ ಇಷ್ಟಿದ್ದ ಭೂತ ಬೆಳೆದು ಬೆಳೆದು ಮೈಮೇಲೆ ಬಂದಂತೆ! ಜನ ಎದ್ದು ಓಡುತ್ತಿದ್ದರು. ಮರುದಿನ ಮತ್ತೆ ಟಿಕೆಟ್ ಕೊಳ್ಳುತ್ತಿದ್ದರು.

ಗಾಜಿನ ಒಂದು ಹಾಳೆ ಸಾಕು, ಭೂತ ಹುಟ್ಟುತ್ತದೆ! 1862ರ ಕ್ರಿಸ್ಮಸ್ ಹಿಂದಿನ ರಾತ್ರಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಇದನ್ನು ತೋರಿಸಿದ. ರಂಗದ ಮುಂದೆ ದೊಡ್ಡ ಗಾಜು ಓರೆಯಾಗಿ ನಿಂತಿದೆ, ನಮಗದು ಕಾಣುವುದಿಲ್ಲ. ಕೆಳಗೆ ಮರೆಯಲ್ಲಿ ಬಿಳಿ ಬಟ್ಟೆಯ ನಟ. ಅವನ ಮೇಲೆ ಬೆಳಕು ಬಿಟ್ಟರೆ ಗಾಜಿನಲ್ಲಿ ಬಿಂಬ ಮೂಡಿ ರಂಗದ ಮೇಲೆ ಪಾರದರ್ಶಕ ಭೂತ! ಬೆಳಕು ಆರಿಸಿದರೆ ಮಾಯ.

ನೂರು ವರ್ಷ ದಾಟಿದ ಮೇಲೆ, 1969ರಲ್ಲಿ, ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ತನ್ನ ಭೂತ ಬಂಗಲೆ ತೆರೆಯಿತು. ಅದರ ನೃತ್ಯಶಾಲೆಯಲ್ಲಿ ಕುಣಿಯುವ ಭೂತಗಳಿಗೂ ಅದೇ ಗಾಜಿನ ಉಪಾಯ! ಅಷ್ಟೇ ಅಲ್ಲ. 2012ರ ಗುಜರಾತ್ ಚುನಾವಣೆಯಲ್ಲಿ ನರೇಂದ್ರ ಮೋದಿಯವರು ಏಕಕಾಲಕ್ಕೆ 53 ಕಡೆ ವೇದಿಕೆ ಮೇಲೆ ನಿಂತು ಮಾತಾಡಿದಂತೆ ತೋರಿಸಿದ್ದು ನೆನಪಿದೆಯೇ? ಅದರ ಬುಡದಲ್ಲಿರುವುದೂ ಪೆಪ್ಪರನ ಓರೆ ಗಾಜಿನ ತತ್ವವೇ. ಗಾಜಿನ ಬದಲು ತೆಳು ಹಾಳೆ, ಅಷ್ಟೇ!

ಇನ್ನು ನಾಗಕನ್ಯೆ. ಮುಖ ಹುಡುಗಿಯದು, ಮೈ ಹಾವಿನದು. "ತಾಯಿ ಮಾತು ಮೀರಿದ್ದಕ್ಕ ಹಿಂಗಾತು ನೋಡ್ರೀ" ಎಂದು ಮೈಕಿನವನ ಕಥೆ. ಪಕ್ಕದಲ್ಲಿ ನಿಂತ ಅವ್ವ "ಕೇಳಿದ್ಯಾ?" ಎಂದು ನಮ್ಮತ್ತ ನೋಡುತ್ತಿದ್ದಳು! ಈ ಆಟದ ಮೂಲಪುರುಷ 1865ರಲ್ಲಿ ಲಂಡನ್ನಿನಲ್ಲಿ ಕಾಣಿಸಿಕೊಂಡ. ಮೇಜಿನ ಮೇಲೆ ಬರೀ ತಲೆ, ಅದು ಮಾತಾಡುತ್ತದೆ, ಕೆಳಗೆ ಮೈಯೇ ಇಲ್ಲ! ಗುಟ್ಟು? ಮೇಜಿನ ಕಾಲುಗಳ ನಡುವೆ ಎರಡು ಕನ್ನಡಿ. ನಮಗೆ ಹಿಂದಿನ ಪರದೆ ಕಂಡಂತಾಗುತ್ತದೆ, ನಿಜಕ್ಕೂ ಕಾಣುವುದು ಪಕ್ಕದ ಪರದೆ. ಕನ್ನಡಿಯ ಹಿಂದೆ ಮನುಷ್ಯ ಹಾಯಾಗಿ ಕೂತಿರುತ್ತಾನೆ.

ನಮ್ಮ ಕೆಲವು ಡೇರೆಗಳಲ್ಲಿ ಕನ್ನಡಿಯ ಖರ್ಚೂ ಇರಲಿಲ್ಲ. ಹಲಗೆಗೊಂದು ತೂತು, ತೂತಿನಿಂದ ತಲೆ ಹೊರಗೆ, ಕೊರಳಿನಿಂದಾಚೆ ಬಟ್ಟೆಯ ಹಾವು. ಮುಗೀತು! ಆದರೂ ನಾವು ನಂಬಿದೆವು. ನನ್ನನ್ನು ಕೇಳಿದರೆ ಇಡೀ ಜಾತ್ರೆಗೆ ನಾಗಕನ್ಯೆಯೇ ರಾಣಿ. ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ಕೂರುವುದು ಸುಮ್ಮನೆ ಆಯಿತೇ?

ನಗಿಸುವ ಕನ್ನಡಿ ಮುಂದೆ ನಿಂತಿದ್ದೀರಲ್ಲ? ಉಬ್ಬಿದ ಕನ್ನಡಿ ನಿಮ್ಮನ್ನು ಕುಗ್ಗಿಸುತ್ತದೆ. ತಗ್ಗಿದ ಕನ್ನಡಿ, ಹತ್ತಿರ ನಿಂತರೆ, ಹಿಗ್ಗಿಸುತ್ತದೆ. ಎರಡನ್ನೂ ಒಂದೇ ಕನ್ನಡಿಯಲ್ಲಿ ಮೇಲೆ ಕೆಳಗೆ ಬಗ್ಗಿಸಿ ಕೂರಿಸಿದರೆ ಹೊಟ್ಟೆ ಮಡಕೆ, ಕಾಲು ಕಡ್ಡಿ! ತಗ್ಗು ಕನ್ನಡಿಯಿಂದ ಮೆಲ್ಲಗೆ ಹಿಂದೆ ಹಿಂದೆ ಸರಿಯಿರಿ. ಒಂದು ಜಾಗದಲ್ಲಿ ಗಪ್ಪನೆ ತಲೆಕೆಳಗಾಗುತ್ತೀರಿ! ಜಾತ್ರೆಗೆ ಕಾಯಬೇಕಿಲ್ಲ. ಹೊಳೆಯುವ ಸ್ಟೀಲ್ ಚಮಚೆಯ ಒಳಮೈ ನೋಡಿ, ಈಗಲೇ ತಲೆಕೆಳಗು.

ಕನ್ನಡಿಯ ಚಕ್ರವ್ಯೂಹದಲ್ಲಿ ದಾರಿ ಯಾಕೆ ತಪ್ಪುತ್ತದೆ? ಕನ್ನಡಿಗಳನ್ನು ಸಾಮಾನ್ಯವಾಗಿ 60 ಡಿಗ್ರಿ ಕೋನದಲ್ಲಿ, ತ್ರಿಕೋನದ ಲೆಕ್ಕದಲ್ಲಿ ನಿಲ್ಲಿಸಿರುತ್ತಾರೆ. ಎತ್ತ ನೋಡಿದರೂ ಅದೇ ಅಂತರದ ಕಂಬ, ಅದೇ ಉದ್ದದ ಓಣಿ! ಸ್ವಿಟ್ಜರ್ಲೆಂಡಿನಲ್ಲಿ 1896ರ ಜಿನೀವಾ ಪ್ರದರ್ಶನಕ್ಕೆಂದು 90 ಕನ್ನಡಿಗಳಲ್ಲಿ ಇಂಥ ಒಂದು ಮಹಲು ಕಟ್ಟಿದರು. ಆಮೇಲೆ ಬಿಚ್ಚಿ ಲೂಸರ್ನ್ ಎಂಬ ಊರಿಗೆ ಒಯ್ದರು. ದಾರಿ ತಿಳಿಯುವ ಉಪಾಯ ಹೇಳಲೇ? ಮೇಲೆ ಕೆಳಗೆ ನೋಡಬೇಡಿ, ಗಾಜಿನ ಮೇಲೆ ಮಕ್ಕಳ ಎಣ್ಣೆಗೈ ಗುರುತು ಹುಡುಕಿ!

ಶಾಲೆಯ ಪ್ರವಾಸದಲ್ಲಿ ಹಂಪಿಗೆ ಹೋದಿರಾ? ಅಲ್ಲೂ ಒಂದು ಕತ್ತಲ ಮನೆಯ ಆಟವಿದೆ. ಅದಕ್ಕೆ ವಿದ್ಯುತ್ತೂ ಬೇಡ, ಆಪರೇಟರೂ ಬೇಡ. ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲ ಜಾಗದಲ್ಲಿ, ಗೋಡೆಯ ಮೇಲೆ ಒಂಬತ್ತು ನೆಲೆಯ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ! ಸಣ್ಣ ಕಿಂಡಿಯಿಂದ ಬರುವ ಬೆಳಕಿನ ಕೆಲಸ ಅದು. ಲೆನ್ಸ್ ಇಲ್ಲ, ಕನ್ನಡಿ ಇಲ್ಲ. ಬರೀ ಒಂದು ತೂತು!

ಪ್ರವಾಸದ ಬಸ್ಸು ಮುಂದೆ ವಿಜಯಪುರಕ್ಕೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಗುಸುಗುಸು ಅಂದರೆ, ಗುಮ್ಮಟದ ಆ ಕಡೆ, 120 ಅಡಿಗೂ ಹೆಚ್ಚು ದೂರ ನಿಂತ ಗೆಳೆಯನಿಗೆ ಕೇಳುತ್ತದೆ! ಕೂಗಿದರಂತೂ ಮತ್ತೆ ಮತ್ತೆ ತಿರುಗಿ ಬರುತ್ತದೆ. 17ನೇ ಶತಮಾನದ ಗೋರಿ ಅದು, ಆದಿಲ್‌ಶಾಹಿ ಸುಲ್ತಾನ ಮಲಗಿದ್ದಾನೆ. ಪಾಪ, ಅವನ ನೆತ್ತಿಯ ಮೇಲೆ ದಿನವೂ ನೂರಾರು ಮಕ್ಕಳ "ಓಓಓಯ್!"

ಬಂಡಿಯಲ್ಲಿ ಕೂತು ಕತ್ತಲೆ ಸುತ್ತುವ ಭೂತ ಬಂಗಲೆ ನೋಡಿದ್ದೀರಾ? ಅದನ್ನು ಅಗ್ಗ ಮಾಡಿದವರು ಅಮೆರಿಕದ ನ್ಯೂಜೆರ್ಸಿಯ ಲಿಯಾನ್ ಕ್ಯಾಸಿಡಿ ಮತ್ತು ಅವರ ಜೊತೆಗಾರ. ಅದುವರೆಗೆ ಇಂಥ ಸವಾರಿಗೆ ಕಾಲುವೆ ತೋಡಿ, ನೀರು ತುಂಬಿ, ದೋಣಿ ಬಿಡಬೇಕಿತ್ತು. ದುಬಾರಿ! ಅವರು ಒಂದೇ ಒಂದು ಹಳಿ ಹಾಕಿ, ವಿದ್ಯುತ್ ಬಂಡಿ ಬಿಟ್ಟರು. 1928ರಲ್ಲಿ ಕಂಪನಿಯೇ ಶುರುವಾಯಿತು.

ಆ ಕಂಪನಿಯ ಹೆಸರು ಪ್ರೆಟ್ಜೆಲ್. ಅದು ನಮ್ಮ ಚಕ್ಕುಲಿಯ ದೂರದ ನೆಂಟ, ಹೆಣೆದು ಗಂಟು ಹಾಕಿದ ತಿಂಡಿ! ಸವಾರಿ ಮುಗಿಸಿ ಹೊರಬಂದವನೊಬ್ಬ "ಮೈಯೆಲ್ಲ ಪ್ರೆಟ್ಜೆಲ್ ಆಯಿತು" ಅಂದನಂತೆ. ಅದೇ ಹೆಸರು ನಿಂತಿತು. ಬಂಡಿ ಮಗುಚದಿರಲಿ ಎಂದು ಎರಡೂ ಬದಿಗೆ ಹಾಕಿದ ಭಾರದ ಕಬ್ಬಿಣದ ತಟ್ಟೆಗಳನ್ನೂ ಅದೇ ಆಕಾರದಲ್ಲಿ ಎರಕ ಹೊಯ್ದರು!

ಇಲ್ಲೊಂದು ಮಜಾ ಇದೆ. ಕತ್ತಲ ಬಂಡಿಯ ಹಳಿ ಸಣ್ಣ ಕೋಣೆಯೊಳಗೇ ಹಿಂದೆ ಮುಂದೆ ತಿರುಚಿ ತಿರುಚಿ ಹೋಗುತ್ತದೆ. ಅದಕ್ಕೇ ಚಿಕ್ಕ ಜಾಗ ದೊಡ್ಡದೆನಿಸುವುದು, ನಾಲ್ಕು ಹೆಜ್ಜೆ ಆಚೆಯ ಅಸ್ಥಿಪಂಜರ ಬೇರೆ ಊರಿನಲ್ಲಿದ್ದಂತೆ ಅನಿಸುವುದು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ ಇದರ ಉಲ್ಟಾ. 2023ರಲ್ಲಿ ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿಗೇ ಉದ್ದ! ತಪ್ಪು ತುದಿಯಲ್ಲಿ ಇಳಿದು ಸಾಮಾನು ಹೊತ್ತವರಿಗೆ ಭೂತವೇ ಬೇಡ, ಅದೇ ಸಾಕು.

ಇಂಗ್ಲೆಂಡಿನಲ್ಲಿ ಈ ಸವಾರಿ ಬ್ಲ್ಯಾಕ್‌ಪೂಲ್‌ಗೆ ಬಂದಾಗ ಪ್ರೆಟ್ಜೆಲ್ ಎಂದರೆ ಏನೆಂದು ಅಲ್ಲಿನವರಿಗೆ ಗೊತ್ತೇ ಇರಲಿಲ್ಲ! ಹಾಗಾಗಿ 1930ರಲ್ಲಿ 'ಗೋಸ್ಟ್ ಟ್ರೇನ್' ಎಂದು ಕರೆದರು. ಆ ಹೆಸರು ಬಂದದ್ದು ಆಗ ಜನಪ್ರಿಯವಾಗಿದ್ದ ಒಂದು ನಾಟಕದಿಂದ. ಆ ನಾಟಕ ಹುಟ್ಟಿದ್ದು? ಬರೆದ ಆರ್ನಾಲ್ಡ್ ರಿಡ್ಲಿ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರಿಂದ! ರೈಲು ತಪ್ಪಿಸಿಕೊಂಡು ಬೆಂಚಿನ ಮೇಲೆ ಕೂತವರೆಲ್ಲ ಇಷ್ಟು ಒಳ್ಳೆ ಕೆಲಸ ಮಾಡಬಾರದೇ?

ಚಂದ್ರನ ಮೇಲೆ ಮೊದಲು ಇಳಿದವರು ಯಾರು? ಜಾತ್ರೆಯ ಲೆಕ್ಕದಲ್ಲಿ, ಅಮೆರಿಕದ ಬಫಲೋ ನಗರದ ಜನ, 1901ರಲ್ಲಿ! ಫ್ರೆಡರಿಕ್ ಥಾಂಪ್ಸನ್ ಎಂಬಾತ ಅಲ್ಲಿನ ಪ್ರದರ್ಶನದಲ್ಲಿ 'ಚಂದ್ರಯಾತ್ರೆ' ಮಾಡಿಸಿದ. ಅಲುಗಾಡುವ, ರೆಕ್ಕೆ ಬಡಿಯುವ ಹಡಗು. ಸುತ್ತ ಬೆಳಕಿನ ಆಟ. ಕೆಳಗೆ ಭೂಮಿ ಸಣ್ಣದಾಗುತ್ತ ಹೋದಂತೆ. ಇಳಿದರೆ ಚಂದ್ರಲೋಕದ ಕುಳ್ಳರು ಬಂದು ಹಸಿರು ಚೀಸ್ ತುಂಡು ಕೈಗೆ ಕೊಡುತ್ತಿದ್ದರು! ದರ 50 ಸೆಂಟು. ನಮ್ಮ ಬೆಂಗಳೂರಿನ ಇಸ್ರೊ ಚಂದ್ರಯಾನ-3ನ್ನು ಅಲ್ಲಿ ಇಳಿಸಿದ್ದು 2023ರ ಆಗಸ್ಟ್ 23ರಂದು. ಚೀಸ್ ಸಿಗಲಿಲ್ಲ.

ಚಲಿಸದ ರೈಲಿಗೆ ಟಿಕೆಟ್ ಕೊಂಡವರೂ ಇದ್ದರು! 1904ರಲ್ಲಿ ಸೇಂಟ್ ಲೂಯಿಸ್ ಪ್ರದರ್ಶನದಲ್ಲಿ ಒಂದು ರೈಲು ಡಬ್ಬಿ ನಿಲ್ಲಿಸಿದರು. ಮುಂದೆ ಪರದೆ, ಪರದೆಯ ಮೇಲೆ ಓಡುವ ರೈಲಿನಿಂದ ತೆಗೆದ ಸಿನಿಮಾ, ಡಬ್ಬಿಗೆ ಕುಲುಕಾಟ, ಗಾಲಿಯ ಸದ್ದು. ಇದನ್ನು ತಂದ ಜಾರ್ಜ್ ಹೇಲ್ ಮೊದಲು ಏನಾಗಿದ್ದ ಗೊತ್ತೇ? ಅಗ್ನಿಶಾಮಕ ದಳದ ಮುಖ್ಯಸ್ಥ!

ಮೈಕಿನ ಆ ಕೇಕೆ ನೆನಪಿದೆಯಲ್ಲ? 1930ರ ದಶಕದ ಅಮೆರಿಕದಲ್ಲಿ ಅದಕ್ಕೊಬ್ಬ ಹೆಂಗಸಿದ್ದಳು. ಹೆಸರು ಲಾಫಿಂಗ್ ಸಾಲ್. ಆರಡಿ ಮೀರಿದ ಕಾಗದದ ತಿರುಳಿನ ಗೊಂಬೆ, ಹಲ್ಲಿನ ನಡುವೆ ಸಂದಿ. ಬಗ್ಗಿ ಬಗ್ಗಿ ನಗುತ್ತಿದ್ದಳು. ಒಳಗೆ ಗ್ರಾಮಫೋನ್ ತಟ್ಟೆ! ಜನರನ್ನು ನಗಿಸಲು ಮಾಡಿದ ಗೊಂಬೆ. ಮಕ್ಕಳು ಮಾತ್ರ ಒಳಗಿನ ಭೂತಕ್ಕಿಂತ ಇವಳಿಗೇ ಹೆಚ್ಚು ಅಂಜುತ್ತಿದ್ದರು.

ಕತ್ತಲಲ್ಲಿ ಹಸಿರು-ಕಿತ್ತಳೆಯಾಗಿ ಹೊಳೆಯುವ ಬಣ್ಣದ ಕಥೆ ಇನ್ನೂ ವಿಚಿತ್ರ. ಕ್ಯಾಲಿಫೋರ್ನಿಯಾದ ಬಾಬ್ ಸ್ವಿಟ್ಜರ್ ಎಂಬ ಹುಡುಗ 1933ರಲ್ಲಿ ಕೆಲಸದ ಜಾಗದಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಕತ್ತಲ ಕೋಣೆಯಲ್ಲೇ ಇರು ಅಂದರು ಡಾಕ್ಟರು. ಅವನ ತಮ್ಮ ಜೋ ಹವ್ಯಾಸಿ ಜಾದೂಗಾರ, ಕತ್ತಲಲ್ಲಿ ಹೊಳೆಯುವ ಆಟಕ್ಕೆ ಹುಡುಕಾಡುತ್ತಿದ್ದ. ಅಣ್ಣ ತಮ್ಮ ಸೇರಿ ಅಪ್ಪನ ಔಷಧ ಅಂಗಡಿಯ ಸೀಸೆಗಳ ಮೇಲೆ ನೇರಳಾತೀತ ದೀಪ ಬಿಟ್ಟು ಯಾವುದು ಹೊಳೆಯುತ್ತದೆ ನೋಡಿದರು. ಅಲ್ಲಿಂದ ಹುಟ್ಟಿದ್ದು ಡೇ-ಗ್ಲೋ ಬಣ್ಣ!

ಆ ದೀಪದಡಿ ನಿಂತರೆ ನಿಮ್ಮ ಬಿಳಿ ಅಂಗಿಯೂ ಭೂತವಾಗುತ್ತದೆ. ಯಾಕೆ? ಬಟ್ಟೆ ಒಗೆಯುವ ಪುಡಿಯಲ್ಲಿ ಬಿಳುಪು ಹೆಚ್ಚಿಸುವ ಹೊಳಪಿನ ರಾಸಾಯನಿಕ ಇರುತ್ತದೆ. ಅವ್ವ ಚೆನ್ನಾಗಿ ಒಗೆದಷ್ಟೂ ನೀವು ಹೆಚ್ಚು ಹೊಳೆಯುವ ಭೂತ!

ಕಣ್ಣಿಗೆ ಕಾಣದ ಬೆಳಕನ್ನಷ್ಟೇ ಹೊರಬಿಡುವ ಕಪ್ಪು ಗಾಜು ಮಾಡಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್. ಇಂದಿಗೂ ಚರ್ಮದ ಡಾಕ್ಟರು ಹಿಡಿಯುವ ದೀಪಕ್ಕೆ ಅವರದೇ ಹೆಸರು. ಈಗ ಬಾಯಿ ತೆರೆಯಿರಿ. ಇದೇ ವುಡ್ 1895ರಲ್ಲಿ ಮನೋವಿಜ್ಞಾನದ ಗಂಭೀರ ಪತ್ರಿಕೆಯೊಂದಕ್ಕೆ ಬರೆದ ಲೇಖನ ಯಾವುದರ ಬಗ್ಗೆ ಗೊತ್ತೇ? ಜಾತ್ರೆಯ ದೆವ್ವದ ಜೋಕಾಲಿ ಬಗ್ಗೆ!

ಏನಿದು ದೆವ್ವದ ಜೋಕಾಲಿ? ಒಂದು ಕೋಣೆ. ಮೇಜು, ಕುರ್ಚಿ, ಪಟಗಳು ಎಲ್ಲ ಸಜ್ಜಾಗಿವೆ. ನಡುವೆ ದೊಡ್ಡ ಜೋಕಾಲಿ, ಹತ್ತಾರು ಜನ ಕೂರುತ್ತಾರೆ. ಜೋಕಾಲಿ ಜೀಕತೊಡಗುತ್ತದೆ. ಹೆಚ್ಚು, ಇನ್ನೂ ಹೆಚ್ಚು. ಕೊನೆಗೆ ಪೂರಾ ಒಂದು ಸುತ್ತು! ತಲೆ ಕೆಳಗೆ, ಕಾಲು ಮೇಲೆ! ಜನ ಚೀರಿ ಕಂಬಿ ತಬ್ಬಿಕೊಳ್ಳುತ್ತಾರೆ. ಆದರೆ ಜೋಕಾಲಿ ಹೆಚ್ಚುಕಡಿಮೆ ಅಲುಗಾಡಿಯೇ ಇಲ್ಲ. ಸುತ್ತಿದ್ದು ಕೋಣೆ! ಮೇಜು-ಕುರ್ಚಿಗೆಲ್ಲ ಮೊಳೆ ಹೊಡೆದಿದ್ದರು. ಗುಟ್ಟು ಗೊತ್ತಿದ್ದವರಿಗೂ ಹೊಟ್ಟೆ ತೊಳಸುತ್ತಿತ್ತಂತೆ.

ವುಡ್ ಸಾಹೇಬರ ಇನ್ನೊಂದು ಕಿಡಿಗೇಡಿತನ ಹೇಳದೆ ಬಿಡಲಾರೆ. ಅವರ ಪ್ರಯೋಗದ ಉದ್ದನೆಯ ನಳಿಗೆಯಲ್ಲಿ ಜೇಡ ಬಲೆ ಕಟ್ಟಿತ್ತು. ಒರೆಸುವುದು ಹೇಗೆ? ಒಂದು ತುದಿಯಿಂದ ಮನೆಯ ಬೆಕ್ಕನ್ನು ಒಳಗೆ ಬಿಟ್ಟು ಬಾಗಿಲು ಮುಚ್ಚಿದರಂತೆ. ಬೆಕ್ಕು ಆ ತುದಿಯಿಂದ ಬಲೆಯನ್ನೆಲ್ಲ ಮೈಗೆ ಮೆತ್ತಿಕೊಂಡು ಹೊರಗೆ! ಅದಕ್ಕದು ಪಕ್ಕಾ ಭೂತ ಬಂಗಲೆಯೇ ಸೈ.

ಸರಿ, ಈಗ ಆ ಮೂಳೆಯ ಕಥೆ. ಎಳೆ ಮಕ್ಕಳು ಪಕ್ಕದಲ್ಲಿದ್ದರೆ ಮೆಲ್ಲಗೆ ಓದಿ. 1976ರ ಡಿಸೆಂಬರ್. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ 'ಲಾಫ್ ಇನ್ ದ ಡಾರ್ಕ್' ಎಂಬ ಕತ್ತಲ ಸವಾರಿಯ ಮನೆ. ಟಿವಿ ಧಾರಾವಾಹಿಯ ಚಿತ್ರೀಕರಣಕ್ಕೆ ಬಂದವರು ಅಡ್ಡ ನೇತಾಡುತ್ತಿದ್ದ ಗೊಂಬೆಯನ್ನು ಸರಿಸಹೋದರು. ತೋಳು ಕಿತ್ತು ಕೈಗೆ ಬಂತು. ಒಳಗೆ ಮೂಳೆ. ಗೊಂಬೆಯಲ್ಲ, ಮನುಷ್ಯ!

ಯಾರವನು? ಎಲ್ಮರ್ ಮೆಕರ್ಡಿ ಎಂಬ ದರೋಡೆಕೋರ. ಸತ್ತದ್ದು 1911ರಲ್ಲಿ! ಅಂದರೆ 65 ವರ್ಷ ಭೂಮಿಯ ಮೇಲೇ ಉಳಿದಿದ್ದ ಹೆಣ. ಖಜಾನೆ ಹೊತ್ತ ರೈಲು ಎಂದು ನುಗ್ಗಿದ್ದು ತಪ್ಪು ರೈಲಿಗೆ. ಸಿಕ್ಕಿದ್ದು 46 ಡಾಲರ್ ಮತ್ತು ಒಂದಿಷ್ಟು ವಿಸ್ಕಿ. ಕೆಲವೇ ದಿನದಲ್ಲಿ ಪೊಲೀಸರ ಗುಂಡಿಗೆ ಸಿಕ್ಕ. ಇಷ್ಟು ಕಡಿಮೆ ಕದ್ದು ಇಷ್ಟು ದೂರ ಸುತ್ತಿದ ಕಳ್ಳ ಇನ್ನೊಬ್ಬನಿರಲಿಕ್ಕಿಲ್ಲ!

ಹೆಣ ಕೇಳಿಕೊಂಡು ಯಾರೂ ಬರಲಿಲ್ಲ. ಕೆಡದಂತೆ ಔಷಧ ತುಂಬಿದವನು ತನ್ನ ಖರ್ಚು ಹುಟ್ಟಿಸಿಕೊಳ್ಳಲು ಅದನ್ನೇ ನಿಲ್ಲಿಸಿ ಕಾಸು ತೆಗೆದುಕೊಂಡು ತೋರಿಸಿದ! 1916ರಲ್ಲಿ "ನಮ್ಮ ಅಣ್ಣ" ಎಂದು ಅಳುತ್ತ ಬಂದವರು ಹೆಣ ಒಯ್ದರು. ಅವರು ತಮ್ಮಂದಿರಲ್ಲ, ಸಂಚಾರಿ ಪ್ರದರ್ಶನದವರು! ಅಲ್ಲಿಂದ ಊರೂರು, ಡೇರೆ ಡೇರೆ. ಕೈ ಬದಲಾಗುತ್ತ ಬದಲಾಗುತ್ತ ಅದು ನಿಜವಾದ ಹೆಣ ಎಂಬುದೇ ಮರೆತುಹೋಯಿತು. ಬಣ್ಣ ಬಳಿದರು, ನೇತುಹಾಕಿದರು. ಮಕ್ಕಳು ಬಂಡಿಯಲ್ಲಿ ಕೂತು ನಕ್ಕರು.

ಪತ್ತೆ ಹೇಗಾಯಿತು? ಬಾಯಿಯೊಳಗಿಂದ! 1924ರ ಒಂದು ಪೆನ್ನಿ ನಾಣ್ಯ, ಜೊತೆಗೆ ಪ್ರದರ್ಶನಗಳ ಟಿಕೆಟ್ ಚೂರುಗಳು ಸಿಕ್ಕವು. 1977ರಲ್ಲಿ ಒಕ್ಲಹೋಮಾದಲ್ಲಿ ಮಣ್ಣು ಮಾಡಿದರು. ಪೆಟ್ಟಿಗೆಯ ಮೇಲೆ ಎರಡು ಅಡಿ ಕಾಂಕ್ರೀಟ್ ಸುರಿದರು. ಮತ್ತೆ ಜಾತ್ರೆಗೆ ಹೊರಡಬಾರದಲ್ಲ!

ಉಸಿರು ಬಿಡಿ. ಇದು ಹಗುರದ್ದು. ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿಗೆ ಪ್ರಯೋಗಾಲಯದಲ್ಲಿ ಒಬ್ಬರೇ ಕೂತಾಗ ಮೈ ಜುಮ್ಮೆಂದಿತು, ಕಣ್ಣಂಚಿನಲ್ಲಿ ಬೂದು ಆಕೃತಿ ಸುಳಿಯಿತು. ಮರುದಿನ ಅಲ್ಲೇ ಇಕ್ಕಳದಲ್ಲಿ ಸಿಕ್ಕಿಸಿದ ಕತ್ತಿವರಸೆಯ ಅಲಗು ತಾನೇ ನಡುಗತೊಡಗಿತು! ಹುಡುಕಿದರೆ ಏನು? ಹೊಸದಾಗಿ ಹಾಕಿದ ಫ್ಯಾನು. ಸೆಕೆಂಡಿಗೆ ಸುಮಾರು 19 ಸಲದ, ಕಿವಿಗೆ ಕೇಳದ ಕಂಪನ. 1998ರಲ್ಲಿ ಅದನ್ನೇ ಪ್ರಬಂಧವಾಗಿ ಪ್ರಕಟಿಸಿದರು. ಫ್ಯಾನ್ ಸರಿಪಡಿಸಿದರು, ಭೂತ ಹೋಯಿತು!

ಸುಟ್ಟುಹೋದ ಜಾತ್ರೆಗೂ ಟಿಕೆಟ್ ಇಡಬಹುದೇ? ಇಡಬಹುದು! ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಜಾರ್ಜ್ ಟಿಲ್ಯೂ ಕಟ್ಟಿದ್ದ ಸ್ಟೀಪಲ್‌ಚೇಸ್ ಪಾರ್ಕ್ 1907ರಲ್ಲಿ ಬೆಂಕಿಗೆ ಬೂದಿಯಾಯಿತು. ಮರುದಿನವೇ ಆತ ಬೋರ್ಡ್ ಹಾಕಿದ: ಉರಿಯುವ ಅವಶೇಷ ನೋಡಲು 10 ಸೆಂಟು!

ಸಾವಿನ ಬಾವಿ ನೋಡಿ ಬರೋಣ. ಬೈಕು ಸುತ್ತುವ ಹಲಗೆಯ ಗೋಡೆ ಗಡಗಡ ಅದುರುತ್ತಿರುತ್ತದೆ, ನಿಮ್ಮ ಕೈಯ ಹತ್ತು ರೂಪಾಯಿ ನೋಟನ್ನು ಸವಾರ ಹಾರಿಸಿಕೊಂಡು ಹೋಗುತ್ತಾನೆ. ಎಷ್ಟು ವೇಗ ಬೇಕು? ಒಂಬತ್ತು ಮೀಟರ್ ಅಗಲದ ಬಾವಿಯಾದರೆ, ಲೆಕ್ಕದ ಪ್ರಕಾರ ಗಂಟೆಗೆ 30 ಕಿಲೋಮೀಟರ್ ಆಸುಪಾಸು ಸಾಕು, ಬೀಳುವುದಿಲ್ಲ! ನಿಮ್ಮ ಓಣಿಯ ಹುಡುಗ ಇದಕ್ಕಿಂತ ಜೋರಾಗಿ ಹಾಲು ತರಲು ಹೋಗುತ್ತಾನೆ. ಲೆಕ್ಕ ಸುಲಭ, ಹತ್ತುವ ಎದೆ ಬೇರೆಯದು.

ಆ ಬಾವಿಯಲ್ಲಿ ಗುಡುಗುತ್ತಿದ್ದ ಹಳೆಯ ಯೆಜ್ಡಿ ಬೈಕುಗಳು ಯಾವ ಊರಿನವು? ನಮ್ಮ ಮೈಸೂರಿನವು! ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ 1961ರಲ್ಲಿ ಬೈಕು ಹೊರಬಿಡತೊಡಗಿತು. 1990ರ ದಶಕದಲ್ಲಿ ಬಾಗಿಲು ಮುಚ್ಚಿತು. ಸದ್ದು ಕೇಳಿಯೇ ಯೆಜ್ಡಿ ಎಂದು ಹೇಳುವವರು ಈಗಲೂ ಇದ್ದಾರೆ.

ತೂಗುವ ಹಡಗಿಗೆ ನಮ್ಮಲ್ಲಿ ಕೊಲಂಬಸ್ ಎಂದೇ ಹೆಸರು. ಪಾಪದ ಕೊಲಂಬಸ್ ಭಾರತ ಹುಡುಕುತ್ತ ಹೊರಟು ಕೊನೆಯವರೆಗೂ ಭಾರತ ಮುಟ್ಟಲಿಲ್ಲ. ಈಗ ಊರೂರ ಜಾತ್ರೆಯಲ್ಲಿ ನೇತಾಡುತ್ತಿದ್ದಾನೆ!

ಜೈಂಟ್ ವ್ಹೀಲ್ ಅಮೆರಿಕದ್ದು ಎನ್ನುತ್ತೀರಾ? ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ 1615ರಲ್ಲೇ ಇಸ್ತಾಂಬುಲ್‌ನ ರಂಜಾನ್ ಹಬ್ಬದಲ್ಲಿ ಮೇಲೆ ಕೆಳಗೆ ಸುತ್ತುವ ದೊಡ್ಡ ಚಕ್ರದಲ್ಲಿ ಕೂತು ಕುಣಿದಾಡಿದ್ದ. ಅದೇ ಮನುಷ್ಯ 1623ರಲ್ಲಿ ಎಲ್ಲಿಗೆ ಬಂದ ಹೇಳಿ? ನಮ್ಮ ಇಕ್ಕೇರಿಗೆ! ದಾರಿಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆದು, ರಾಗವಾಗಿ ಲೆಕ್ಕ ಹೇಳುವುದನ್ನು ಕಂಡು ಬೆರಗಾಗಿ ಬರೆದಿಟ್ಟ.

1893ರಲ್ಲಿ ಶಿಕಾಗೋದಲ್ಲಿ ಜಾರ್ಜ್ ಫೆರಿಸ್ ಉಕ್ಕಿನ ಚಕ್ರ ನಿಲ್ಲಿಸಿದ. 264 ಅಡಿ ಎತ್ತರ, 36 ಡಬ್ಬಿ, ಒಂದೊಂದರಲ್ಲಿ 60 ಜನ. ಒಮ್ಮೆಗೆ 2,160 ಮಂದಿ ಗಾಳಿಯಲ್ಲಿ! ನಮ್ಮ ಮರದ ತೊಟ್ಟಿಲನ್ನು ಮಾತ್ರ ಬಹುಕಾಲ ತಿರುಗಿಸಿದ್ದು ಕೈಯೇ. ಆಳುಗಳು ಮಂಗನಂತೆ ಹತ್ತಿ, ಮೇಲಿನ ಕಂಬಿಗೆ ಜೋತು, ಮೈಭಾರದಿಂದಲೇ ಚಕ್ರ ಇಳಿಸುತ್ತಿದ್ದರು. ಮೋಟಾರೂ ಅವರೇ, ಬ್ರೇಕೂ ಅವರೇ!

ಬಾಯಿ ಸಪ್ಪೆಯಾಯಿತೇ? ಬೊಂಬಾಯಿ ಮಿಠಾಯಿ ತಿನ್ನಿ. ಆ ಸಕ್ಕರೆ ನೂಲುವ ಯಂತ್ರವನ್ನು 1897ರಲ್ಲಿ ಕಂಡುಹಿಡಿದ ಇಬ್ಬರಲ್ಲಿ ಒಬ್ಬ ಮಿಠಾಯಿಯವ. ಇನ್ನೊಬ್ಬ? ಹಲ್ಲಿನ ಡಾಕ್ಟರ್! 1904ರ ಸೇಂಟ್ ಲೂಯಿಸ್ ಪ್ರದರ್ಶನದಲ್ಲಿ 68,655 ಡಬ್ಬಿ ಮಾರಿದರು. ಆ ಊರಿನ ಮಿಕ್ಕ ದಂತವೈದ್ಯರಿಗೂ ಸುಗ್ಗಿ ಆಗಿರಬೇಕು. ನಮ್ಮಲ್ಲಿ ಅದರ ಗುಲಾಬಿ ಬಣ್ಣಕ್ಕೆ ಕುತ್ತು ಬಂದದ್ದು 2024ರ ಮಾರ್ಚ್‌ನಲ್ಲಿ. ಬಟ್ಟೆಗೆ ಹಾಕುವ ರೋಡಮಿನ್-ಬಿ ಸಿಕ್ಕಿತೆಂದು ಕರ್ನಾಟಕ ಸರ್ಕಾರ ಕೃತಕ ಬಣ್ಣವನ್ನೇ ನಿಷೇಧಿಸಿತು. ಬಿಳಿಯದು ತಿನ್ನಲು ಅಡ್ಡಿಯಿಲ್ಲ!

ಊರಲ್ಲೇ ನೆಲೆ ನಿಂತ ಜಾತ್ರೆಗಳು ಭಾರತಕ್ಕೆ ಬಂದದ್ದು ತಡವಾಗಿ. ದೆಹಲಿಯ ಅಪ್ಪು ಘರ್ ತೆರೆದದ್ದು 1984ರ ನವೆಂಬರ್ 19ಕ್ಕೆ. ಹೆಸರು 1982ರ ಏಷ್ಯನ್ ಗೇಮ್ಸ್‌ನ ಆನೆಮರಿಯದು. ಅದೇ 1984ರಲ್ಲಿ ಭಾರತದ ಮೊದಲ 3ಡಿ ಸಿನಿಮಾ ತೆಗೆದ ಮಲಯಾಳದ ನವೋದಯ ಅಪ್ಪಚ್ಚನ್, ಮುಂದೆ 1995ರಲ್ಲಿ ಚೆನ್ನೈ ಬಳಿ ಕಿಷ್ಕಿಂಟಾ ಪಾರ್ಕ್ ಕಟ್ಟಿದರು. ಆ ಸಿನಿಮಾದ ನಾಯಕ ಯಾರು? ಒಂದು ಪುಟ್ಟ ಭೂತ! ಬೆಂಗಳೂರು ಬಳಿಯ ವಂಡರ್‌ಲಾ ಬಂದದ್ದು 2005ರಲ್ಲಿ.

ಕಟ್ಟಕಡೆಗೆ ಕುದುರೆ ತೊಟ್ಟಿಲು. ಇಂಗ್ಲೆಂಡಿನ ಮರದ ಕುದುರೆಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ಓಡುತ್ತವೆ. ಅಮೆರಿಕದವು ಉಲ್ಟಾ! ನಿಜವಾದ ಕುದುರೆಯನ್ನು ಎಡಬದಿಯಿಂದ ಹತ್ತುವುದು ರೂಢಿ, ಅದಕ್ಕೆ ಇಂಗ್ಲಿಷರು ಎಡಮೈಯನ್ನು ಹೊರಕ್ಕಿಟ್ಟರು. ಅಮೆರಿಕದಲ್ಲಿ ಓಡುತ್ತಲೇ ಬಲಗೈ ಚಾಚಿ ಹಿತ್ತಾಳೆ ಉಂಗುರ ಕಿತ್ತರೆ ಇನ್ನೊಂದು ಸುತ್ತು ಬಿಟ್ಟಿ, ಅದಕ್ಕೆ ಬಲಮೈ ಹೊರಗೆ. ನಿಮ್ಮೂರ ಜಾತ್ರೆಯ ಕುದುರೆ ಯಾವ ಕಡೆಯವು? ಮುಂದಿನ ಸಲ ಹತ್ತುವ ಮೊದಲೇ ನೋಡಿಕೊಳ್ಳಿ. ಹತ್ತಿದ ಮೇಲೆ ತಲೆ ತಿರುಗಿ ತಿಳಿಯುವುದಿಲ್ಲ!